ತರಗೆಲೆಯನ್ನು ಕಸ ಎನ್ನಬೇಡಿ, ಸುಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಸೋಮವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಶಾಲೆಯೊಂದರ ಸ್ವಚ್ಛತಾ ಕಾರ್ಯಕ್ರಮದ್ದು. ಸಮವಸ್ತ್ರ ಹಾಕಿದ ಮಕ್ಕಳು ಪೊರಕೆ ಹಿಡಿದು ಸಾಲಾಗಿ ನಿಂತಿದ್ದಾರೆ. ಎಲ್ಲರ ಮುಖದಲ್ಲೂ ನಗು. ಅವರ ಹಿಂದೆ ಬಲಗಡೆ ಮೂಲೆಯಲ್ಲಿ, ಮಾವಿನ ಮರದ ಬುಡದಲ್ಲಿ, ತರಗೆಲೆಯ ರಾಶಿಯಿಂದ ಹೊಗೆ ಏಳುತ್ತಿದೆ. ಫೋಟೊದ ಕೆಳಗೆ ‘ಆವರಣದ ಕಸ ವಿಲೇವಾರಿ ಮಾಡಲಾಯಿತು’ ಎಂದು ಬರೆದಿದ್ದಿರಿ.

ಮಕ್ಕಳ ಮೇಲಾಗಲಿ, ಮೇಷ್ಟ್ರುಗಳ ಮೇಲಾಗಲಿ ನನಗೆ ಬೇಸರವಿಲ್ಲ. ಬೇಸರ ಇರುವುದು ಆ ‘ಕಸ’ ಎಂಬ ಮಾತಿನ ಮೇಲೆ. ಪ್ಲಾಸ್ಟಿಕ್ ಚೀಲ ಕಸ. ಗುಟ್ಕಾ ಪ್ಯಾಕೆಟ್ ಕಸ. ಮಾವಿನೆಲೆ ಹೇಗೆ ಕಸವಾಯಿತು? ಅದನ್ನು ತಿನ್ನುವವರು ಅದೇ ಮರದ ಬುಡದ ಮಣ್ಣಿನಲ್ಲಿ ಕೋಟಿಗಟ್ಟಲೆ ಇದ್ದರು. ಅವರ ಪಾಲಿನದನ್ನು ಅವರ ಕಣ್ಣೆದುರೇ ಸುಟ್ಟ ಹಾಗಾಯಿತು.

ನಾನು ಸಿದ್ದಾಪುರ ತಾಲ್ಲೂಕಿನವಳು. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ಮೊದಲ ಕೆಲವು ವರ್ಷ ‘ವಿಘಟಕ ಜೀವಿಗಳು’ ಎಂದು ಬೋರ್ಡಿನ ಮೇಲೆ ಬರೆದು, ಬ್ಯಾಕ್ಟೀರಿಯಾ, ಶಿಲೀಂಧ್ರ ಎಂದು ಎರಡು ಹೆಸರು ಹೇಳಿ, ಆಹಾರ ಸರಪಳಿಯ ಕೊನೆಗೆ ಒಂದು ಬಾಣ ಹಾಕಿ ಮುಗಿಸುತ್ತಿದ್ದೆ. ಎರಡು ಅಂಕದ ಪ್ರಶ್ನೆ, ಅಷ್ಟೇ. ಆ ಪಾಠ ನನಗೆ ನಿಜವಾಗಿ ಅರ್ಥವಾದದ್ದು ನಮ್ಮ ಮನೆಯ ಗೊಬ್ಬರಗುಂಡಿಯ ಹತ್ತಿರ.

ನಮ್ಮದು ಅಡಿಕೆ ತೋಟದ ಮನೆ. ನಮ್ಮ ಕಡೆ ತರಗೆಲೆಗೆ ದರಕು ಅನ್ನುತ್ತೇವೆ. ಜನವರಿ ಕಳೆದು ಬಿಸಿಲು ಏರುತ್ತಿದ್ದಂತೆ ಬೆಟ್ಟದ ಮರಗಳೆಲ್ಲ ಎಲೆ ಉದುರಿಸುತ್ತವೆ. ಆಗ ಮನೆಯ ಹೆಂಗಸರು ಬೆಳಗಿನ ಇಬ್ಬನಿ ಆರುವ ಮೊದಲೇ ದರಕು ಗುಡಿಸಲು ಹೋಗುತ್ತಾರೆ. ಇಬ್ಬನಿ ಇದ್ದಾಗ ಎಲೆ ಪುಡಿಯಾಗುವುದಿಲ್ಲ. ಹಗ್ಗದ ಬಲೆಯಂಥ ಕಲ್ಲಿಯಲ್ಲಿ ತುಂಬಿ, ಕಾಲಲ್ಲಿ ಒತ್ತಿ ಬಿಗಿದು, ತಲೆಯ ಮೇಲೆ ಹೊತ್ತು ತರುತ್ತಾರೆ. ಅದು ದನದ ಕೊಟ್ಟಿಗೆಗೆ ಹಾಸು. ದನ ಅದರ ಮೇಲೆ ಮಲಗಿ, ತುಳಿದು, ಸಗಣಿ ಗಂಜಲ ಬೆರೆಸಿ ಕೊಟ್ಟದ್ದು ಗೊಬ್ಬರಗುಂಡಿಗೆ. ಗುಂಡಿಯಲ್ಲಿ ಕೊಳೆತದ್ದು ವರ್ಷದ ಮೇಲೆ ಅಡಿಕೆ ಮರದ ಬುಡಕ್ಕೆ. ಬ್ರಿಟಿಷರ ಕಾಲದಲ್ಲೇ ಉತ್ತರ ಕನ್ನಡದ 1 ಎಕರೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ದರಕು ತರುವ ಕಾಡು, ಬಿಟ್ಟುಕೊಟ್ಟಿದ್ದು ಸುಮ್ನೆ ಅಲ್ಲ. ತೋಟ ಬದುಕಿದ್ದೇ ಬೆಟ್ಟದ ಎಲೆಯಿಂದ.

ಮದುವೆಯಾದ ಮೊದಲ ವರ್ಷ, ಒಂದು ಚಳಿಗಾಲದ ಬೆಳಗ್ಗೆ, ಗುಂಡಿಯಿಂದ ಹಬೆ ಏಳುವುದನ್ನು ಕಂಡು ನಾನು ಗಾಬರಿಯಾದೆ. ಬೆಂಕಿ ಬಿತ್ತೇನೋ ಎಂದು ಕೂಗಿದೆ. ನಮ್ಮತ್ತೆ ಬಂದರು. “ಬೆಂಕಿ ಅಲ್ಲ ಕೂಸೇ, ಕೈ ಹಾಕಿ ನೋಡು. ಗೊಬ್ಬರ ಬೇಯ್ತಾ ಇದ್ದು” ಎಂದರು. ಮೊಣಕೈವರೆಗೆ ತೂರಿಸಿದೆ. ಹೆಚ್ಚು ಹೊತ್ತು ಇಟ್ಟುಕೊಳ್ಳಲು ಆಗಲಿಲ್ಲ, ಅಷ್ಟು ಬಿಸಿ. ಮುಂದೆ ಶಾಲೆಯ ಥರ್ಮಾಮೀಟರ್ ತಂದು ಇಟ್ಟು ನೋಡಿದೆ. 58 ಡಿಗ್ರಿ ತೋರಿಸಿತು.

ಆ ದಿನ ಶುರುವಾದ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬೆಂಕಿ ಮಾಡುವ ಕೆಲಸವನ್ನೇ ಗುಂಡಿಯೊಳಗಿನ ಜೀವಿಗಳೂ ಮಾಡುತ್ತವೆ. ಎರಡೂ ಎಲೆಯ ಇಂಗಾಲವನ್ನು ಗಾಳಿಯ ಆಮ್ಲಜನಕಕ್ಕೆ ಕೂಡಿಸುತ್ತವೆ. ಎರಡರಲ್ಲೂ ಶಾಖ ಹೊರಬರುತ್ತದೆ. ಎಲೆ ಎರಡರಲ್ಲೂ ಇಲ್ಲವಾಗುತ್ತದೆ. ವ್ಯತ್ಯಾಸ ಸಮಯದ್ದು. ಬೆಂಕಿ 10 ನಿಮಿಷದಲ್ಲಿ ಮುಗಿಸುತ್ತದೆ. ಅಣಬೆ, ಬ್ಯಾಕ್ಟೀರಿಯಾ, ಹುಳುಗಳು ಅದನ್ನೇ 10 ತಿಂಗಳು ಮಾಡುತ್ತವೆ. ಆ 10 ತಿಂಗಳಲ್ಲೇ ಎಲ್ಲ ಗುಟ್ಟೂ ಇದೆ.

ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಕೆಳಗಿರುವುದು ಜಂಬಿಟ್ಟಿಗೆ ಮಣ್ಣು. ನೀರಲ್ಲಿ ಕರಗುವ ಸತ್ವವನ್ನೆಲ್ಲ ಮಳೆ ಸಾವಿರಾರು ವರ್ಷಗಳಿಂದ ತೊಳೆದುಕೊಂಡು ಹೋಗಿ ಉಳಿದ ಕೆಂಪು ಮಣ್ಣು ಅದು. ಹಾಗಿದ್ದೂ ಅದರ ಮೇಲೆ ಇಷ್ಟು ದಟ್ಟ ಕಾಡು ನಿಂತಿದೆ, ಅಲ್ವಾ? ಹೇಗೆ? ಕಾಡಿನ ಸಂಪತ್ತಿನಲ್ಲಿ ಬಹುಪಾಲು ಆಳದ ಮಣ್ಣಿನಲ್ಲಿಲ್ಲ. ಅದು ಮರಗಳಲ್ಲಿದೆ, ಮತ್ತು ಮರಗಳ ಕೆಳಗಿನ ಒಂದು ಗೇಣು ಕಪ್ಪು ಪದರದಲ್ಲಿದೆ. ಎಲೆ ನಿಧಾನ ಕೊಳೆಯುತ್ತದೆ. ಇವತ್ತು ಒಂದು ಚಿಟಿಕೆ ಸಾರಜನಕ ಬಿಡುಗಡೆಯಾಗುತ್ತದೆ, ಪಕ್ಕದಲ್ಲೇ ಇರುವ ಬೇರು ಅದನ್ನು ಹಿಡಿದುಕೊಳ್ಳುತ್ತದೆ. ಬೇರಿಗೆ ಸಿಗದ್ದನ್ನು ಅಣಬೆಯ ನೂಲು ಹಿಡಿಯುತ್ತದೆ. ನಾಳೆ ಇನ್ನೊಂದು ಚಿಟಿಕೆ. ಮಳೆಯ ಕೈಗೆ ಸಿಗುವುದು ತೀರಾ ಕಡಿಮೆ.

ಬೆಂಕಿ ಹಚ್ಚಿದರೆ? ಎಲೆಯಲ್ಲಿದ್ದ ಸಾರಜನಕ ಹೊಗೆಯ ಜೊತೆ ಗಾಳಿಗೆ ಹೋಯಿತು. ಪೊಟ್ಯಾಷ್, ಸುಣ್ಣದಂಶ, ರಂಜಕ ಬೂದಿಯಲ್ಲಿ ಉಳಿದವು, ನಿಜ. ‘ಬೂದಿಯೂ ಗೊಬ್ಬರ ಅಲ್ಲವೇ’ ಎಂದು ತುಂಬಾ ಜನ ನನ್ನನ್ನು ಕೇಳಿದ್ದಾರೆ. ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದರೆ ಹೌದು. ಶಾಲೆಯ ಅಂಗಳದ ಬೂದಿ ಯಾರ ಬುಡಕ್ಕೂ ಹೋಗುವುದಿಲ್ಲ. ಮೊದಲ ಜೋರು ಮಳೆಗೆ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಅಘನಾಶಿನಿಗೆ, ಅಲ್ಲಿಂದ ತದಡಿಯಲ್ಲಿ ಸಮುದ್ರಕ್ಕೆ. ಒಂದು ಮಾವಿನ ಮರ ವರ್ಷವಿಡೀ ಬೇರಿನಿಂದ ಹೀರಿ ಕೂಡಿಸಿದ್ದು ಒಂದು ಬೆಂಕಿಕಡ್ಡಿಗೆ ಹೋಗುತ್ತದೆ.

ಮರ ಎಷ್ಟು ಜಾಗ್ರತೆಯದ್ದು ಎಂದರೆ, ಎಲೆಯನ್ನು ಉದುರಿಸುವ ಮೊದಲೇ ಅದರಲ್ಲಿನ ಸಾರಜನಕ, ರಂಜಕಗಳ ದೊಡ್ಡ ಪಾಲನ್ನು ವಾಪಸ್ ಎಳೆದುಕೊಳ್ಳುತ್ತದೆ. ಎಲೆ ಹಣ್ಣಾಗಿ ಹಳದಿಯಾಗುವುದು ಅದಕ್ಕೇ. ಹಸಿರು ಬಣ್ಣ ಕೊಡುವ ವಸ್ತುವನ್ನು ಒಡೆದು ಒಳಗೆ ತೆಗೆದುಕೊಂಡಿರುತ್ತದೆ. ಹಾಗೆ ಮಾಡಿಯೂ ಉಳಿದದ್ದನ್ನು ತನ್ನ ಬುಡಕ್ಕೇ ಬೀಳಿಸುತ್ತದೆ. ನಾವು ಅದನ್ನು ಗುಡಿಸಿ ಸುಡುತ್ತೇವೆ, ಆಮೇಲೆ ಅದೇ ಮರದ ಬುಡಕ್ಕೆ ಹಾಕಲು ಚೀಲದ ಗೊಬ್ಬರ ತರುತ್ತೇವೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ಶಾಲೆಯಲ್ಲಿ ನಾವು ಮಾಡಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಯಾವ ಶಾಲೆಯಲ್ಲೂ ಮಾಡಬಹುದು, ಖರ್ಚಿಲ್ಲ. ಈರುಳ್ಳಿ ತುಂಬಿ ಬರುವ ಕೆಂಪು ಬಲೆ ಚೀಲ ಮೂರು ತಂದೆವು. ಒಂದಕ್ಕೆ ಗ್ಲಿರಿಸಿಡಿಯಾ ಎಲೆ, ನಮ್ಮ ರೈತರು ಗೊಬ್ಬರದ ಗಿಡ ಎನ್ನುತ್ತಾರಲ್ಲ, ಅದು. ಎರಡನೆಯದಕ್ಕೆ ಮಾವು. ಮೂರನೆಯದಕ್ಕೆ ಅಕೇಶಿಯ. ಎಲ್ಲವನ್ನೂ ಚೆನ್ನಾಗಿ ಒಣಗಿಸಿ, ಅಂಗಡಿಯ ತಕ್ಕಡಿಯಲ್ಲಿ 100 ಗ್ರಾಂ ತೂಗಿ, ಜೂನ್ ಮೊದಲ ಮಳೆಗೆ ಮಾವಿನ ಮರದ ಕೆಳಗೆ ಇಟ್ಟು ಗೂಟ ಹೊಡೆದೆವು. ಮಕ್ಕಳು ವಾರಕ್ಕೊಮ್ಮೆ ನೋಡಿ ನೋಟ್ ಪುಸ್ತಕದಲ್ಲಿ ಬರೆಯಬೇಕು.

ಆಗಸ್ಟ್ ಹೊತ್ತಿಗೆ ಗ್ಲಿರಿಸಿಡಿಯಾದ ಚೀಲದಲ್ಲಿ ದೇಟು ಬಿಟ್ಟರೆ ಏನೂ ಇರಲಿಲ್ಲ. ಒಬ್ಬ ಹುಡುಗ ಯಾರೋ ಕದ್ದಿದ್ದಾರೆ ಎಂದು ದೂರು ಕೊಡಲು ನನ್ನ ಹತ್ತಿರ ಓಡಿ ಬಂದ. ಕದ್ದವರನ್ನು ತೋರಿಸುತ್ತೇನೆ ಬಾ ಎಂದು ಕರೆದುಕೊಂಡು ಹೋಗಿ ಚೀಲದ ಕೆಳಗಿನ ಮಣ್ಣು ಕೆದಕಿದೆ. ಎರೆಹುಳುಗಳು, ಮುಟ್ಟಿದರೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುವ ಸಾವಿರ ಕಾಲಿನ ಹುಳು, ಸಾಸಿವೆಗಿಂತ ಸಣ್ಣದಾದ ಬಿಳಿ ಜಿಗಿಯುವ ಹುಳುಗಳು. ನವೆಂಬರಿನಲ್ಲಿ ಒಣಗಿಸಿ ತೂಗಿದಾಗ ಮಾವಿನೆಲೆ ಮೂರನೇ ಒಂದು ಭಾಗದಷ್ಟು ಉಳಿದಿತ್ತು. ಅಕೇಶಿಯ ಅರ್ಧಕ್ಕಿಂತ ಜಾಸ್ತಿ ಹಾಗೇ ಇತ್ತು, ಚರ್ಮದ ತುಂಡಿನ ಹಾಗೆ.

ಮಾವಿನೆಲೆಯ ಚೀಲ ಬಿಚ್ಚಿದಾಗ ಕಂಡದ್ದನ್ನು ನಾನು ಮರೆತಿಲ್ಲ. ಎರಡು ಎಲೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ನಡುವೆ ಬಿಳಿ ನೂಲು, ಸೂಜಿಯಲ್ಲಿ ಹೊಲಿದ ಹಾಗೆ. ಭೂತಗನ್ನಡಿ ಹಿಡಿದೆವು. ನೂಲು ಒಂದು ನರದಿಂದ ಇನ್ನೊಂದು ನರಕ್ಕೆ ಕವಲೊಡೆದು ಹೋಗಿತ್ತು. ಅದು ಹಾದ ಕಡೆಯೆಲ್ಲ ಕಂದು ಎಲೆ ಬೆಳ್ಳಗಾಗಿ, ಹತ್ತಿಯಷ್ಟು ಮೆತ್ತಗಾಗಿತ್ತು. ನಾವು ಅಣಬೆ ಎಂದು ಕೀಳುವುದು ಅದರ ಹೂವಿದ್ದ ಹಾಗೆ. ನಿಜವಾದ ಅಣಬೆ ಈ ನೂಲು. ಎಲೆಗೆ, ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಇದೆಯಲ್ಲ, ಅದನ್ನು ಪೂರ್ತಿ ಒಡೆದು ಹಾಕುವ ಶಕ್ತಿ ಮುಖ್ಯವಾಗಿ ಈ ಬಿಳಿ ನೂಲಿನವರಿಗೇ ಇರುವುದು. ಅವರು ಬಾಗಿಲು ತೆರೆದ ಮೇಲೆ ಉಳಿದವರಿಗೆ ಊಟ ಸಲೀಸು.

ಗೆದ್ದಲು ಕೂಡ ಇವರನ್ನು ನಂಬಿ ಬದುಕುತ್ತದೆ. ನಮ್ಮ ಬೆಟ್ಟದಲ್ಲಿ ಹುತ್ತ ಕಟ್ಟುವ ಗೆದ್ದಲು ತಾನೇ ಕಟ್ಟಿಗೆಯನ್ನು ಪೂರ್ತಿ ಅರಗಿಸಿಕೊಳ್ಳಲಾರದು. ಅಗಿದು ತಂದು ಹುತ್ತದೊಳಗೆ ಜೇನುಗೂಡಿನಂಥ ಹಾಸು ಮಾಡಿ, ಅದರ ಮೇಲೆ ಒಂದು ಜಾತಿಯ ಅಣಬೆ ಬೆಳೆಸುತ್ತದೆ. ಅಣಬೆ ಹದ ಮಾಡಿ ಕೊಟ್ಟದ್ದನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಗುಡುಗು ಸಿಡಿಲಿನ ಮರುದಿನ ಹುತ್ತದ ಪಕ್ಕ ಏಳುವ ಅಣಬೆಗಾಗಿ ಜನ ಬೆಳಗಿನ ಜಾವವೇ ಓಡುತ್ತಾರಲ್ಲ, ಅದು ಗೆದ್ದಲಿನ ಆ ತೋಟದ ಬೆಳೆ.

ಇನ್ನೊಂದು. ಜುಲೈ ತಿಂಗಳಲ್ಲಿ ಕರೆಂಟ್ ಹೋದ ರಾತ್ರಿ, ಟಾರ್ಚ್ ಆರಿಸಿ ಬೆಟ್ಟದ ಅಂಚಿನಲ್ಲಿ ನಿಂತರೆ ಕೆಲವೊಮ್ಮೆ ಕೊಳೆತ ಕಡ್ಡಿಗಳು ತಣ್ಣನೆ ಹಸಿರು ಬೆಳಕಿನಲ್ಲಿ ಮಿನುಗುತ್ತವೆ. ಪಶ್ಚಿಮ ಘಟ್ಟದ ಹಲವು ಕಡೆ ಇದನ್ನು ನೋಡಬಹುದು. ಚಿಕ್ಕವರಿದ್ದಾಗ ದೆವ್ವ ಎಂದು ಹೆದರಿಸುತ್ತಿದ್ದರು. ಅದೂ ಅಣಬೆಯೇ. ಕಟ್ಟಿಗೆಯನ್ನು ತಿನ್ನುತ್ತಾ, ಆಮ್ಲಜನಕ ಬಳಸಿ ಬೆಳಕು ಕೊಡುತ್ತದೆ. ಅತ್ತೆಯ ಗುಂಡಿಯಲ್ಲಿ ಶಾಖ, ಇಲ್ಲಿ ಬೆಳಕು.

ಕೊಳೆಯುವುದಕ್ಕೆ ಒಂದು ಲೆಕ್ಕವೂ ಇದೆ. ಅದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಒಮ್ಮೆ ಸಾಮಿಲ್ಲಿನಿಂದ ನಾಲ್ಕು ಚೀಲ ಮರದ ಹೊಟ್ಟು ತಂದು ಮೆಣಸಿನ ಮಡಿಗೆ ಬೆರೆಸಿದೆ. ಹದಿನೈದು ದಿನದಲ್ಲಿ ಗಿಡಗಳೆಲ್ಲ ಹಳದಿಯಾಗಿ ನಿಂತವು. ಆಗಿದ್ದು ಏನೆಂದರೆ, ಸೂಕ್ಷ್ಮಜೀವಿಗಳಿಗೆ 25ರಿಂದ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಒಣ ಎಲೆಯಲ್ಲಿ 1 ಪಾಲಿಗೆ 50, 60 ಅಥವಾ ಇನ್ನೂ ಜಾಸ್ತಿ ಇಂಗಾಲ. ಮರದ ಹೊಟ್ಟಿನಲ್ಲಿ ಕೆಲವು ನೂರು. ಹೊಟ್ಟು ತಿನ್ನಲು ಹೊರಟ ಬ್ಯಾಕ್ಟೀರಿಯಾಗಳು ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಂಡವು. ಮೆಣಸಿನ ಗಿಡಕ್ಕೆ ಉಳಿಯಲಿಲ್ಲ. ಗಂಜಲಕ್ಕೆ ನೀರು ಬೆರೆಸಿ ಹಾಕುತ್ತಾ ಬಂದ ಮೇಲೆ ಚೇತರಿಸಿಕೊಂಡವು. ನಮ್ಮ ಕೊಟ್ಟಿಗೆಯಲ್ಲಿ ದರಕಿನ ಜೊತೆ ಸಗಣಿ, ಗಂಜಲ ಸೇರುವುದು ಈ ಲೆಕ್ಕಕ್ಕೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಅತ್ತೆ ಶಾಲೆಗೆ ಹೋದವರಲ್ಲ. ಗುಂಡಿ ಕಾಯದಿದ್ದರೆ “ಸಗಣಿ ಕಮ್ಮಿ ಆತು” ಎನ್ನುತ್ತಿದ್ದರು.

ಈ ತಿಳಿವಳಿಕೆ ಹಳ್ಳಿಯದ್ದು, ಪೇಟೆಗೆ ಹೊಂದುವುದಿಲ್ಲ ಎನ್ನುವವರಿದ್ದಾರೆ. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಕೃಷಿ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿ ಇದ್ದು, ಎಲೆ, ಹೊಟ್ಟು, ಸಗಣಿಯಿಂದ ಗೊಬ್ಬರ ಮಾಡುವ ವಿಧಾನವನ್ನು ಒಂದು ಕ್ರಮಕ್ಕೆ ತಂದರು. ಅದಾದ ಮೇಲೆ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪೇಟೆಯ ಕಸಕ್ಕೆಂದೇ ಒಂದು ವಿಧಾನ ರೂಪಿಸಿದರು. ಉದ್ದ ಕಂದಕ, ಪದರ ಪದರವಾಗಿ ಪೇಟೆಯ ಹಸಿ ಕಸ, ಮಲ, ಮೇಲೆ ಮಣ್ಣು ಮುಚ್ಚಿ ಆರೆಂಟು ತಿಂಗಳು ಬಿಡುವುದು. ಇವತ್ತಿಗೂ ಕೃಷಿ ಪಾಠಗಳಲ್ಲಿ ಅದಕ್ಕೆ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಆ ಹೆಸರು ಕೊಟ್ಟ ಊರಿನಲ್ಲೇ ಫೆಬ್ರವರಿ ಬಂದರೆ ರಸ್ತೆ ಬದಿಯಲ್ಲಿ ಎಲೆ ರಾಶಿಗಳು ಹೊಗೆಯಾಡುತ್ತವೆ. ಮಗಳ ಮನೆಗೆ ಹೋದಾಗಲೆಲ್ಲ ನೋಡುತ್ತೇನೆ. ಮೊಮ್ಮಗನಿಗೆ ಉಬ್ಬಸ. ಆ ತಿಂಗಳು ಅವನ ಕೋಣೆಯ ಕಿಟಕಿ ತೆರೆಯುವ ಹಾಗಿಲ್ಲ.

ಕಾನೂನೂ ಇದನ್ನೇ ಹೇಳಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ ಕಸ ಸುಡಬಾರದು ಎಂದಿತ್ತು. ತೋಟ, ಕೈತೋಟದ ಎಲೆಕಡ್ಡಿಯನ್ನು ಬೇರೆಯಾಗಿಯೇ ಇಡಬೇಕು ಎಂದಿತ್ತು.

ಸುಡುವವರಿಗೂ ಅವರದೇ ಕಾರಣಗಳಿವೆ, ಒಪ್ಪುತ್ತೇನೆ. ಎಲೆ ರಾಶಿಯಲ್ಲಿ ಹಾವು ಸೇರುತ್ತದೆ ಎಂಬ ಭಯ ಸುಳ್ಳಲ್ಲ. ಮಕ್ಕಳು ಓಡಾಡುವ ಜಾಗದಲ್ಲಿ ರಾಶಿ ಬಿಡಬಾರದು. ಬೇಸಿಗೆಯಲ್ಲಿ ಒಣ ಎಲೆಗೆ ಕಿಡಿ ಬಿದ್ದರೆ ಅಪಾಯವೂ ಹೌದು. ಅದಕ್ಕೇ ಮೂಲೆಯಲ್ಲಿ ಒಂದು ಗುಂಡಿ ಬೇಕು ಅನ್ನುವುದು. ಗುಡಿಸುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ.

ತೋಟಗಾರರಿಗೂ ಎರಡು ಮಾತು. ನಮಗೆ ಕೊಳೆ ಎಂದರೆ ಮೊದಲು ನೆನಪಾಗುವುದು ಅಡಿಕೆಯ ಕೊಳೆರೋಗ. ಅದಕ್ಕೆ ಬೋರ್ಡೊ ದ್ರಾವಣ ಹೊಡೆಯದೆ ವಿಧಿಯಿಲ್ಲ, ನಾವೂ ಹೊಡೆಯುತ್ತೇವೆ. ಆದರೆ ಅದರಲ್ಲಿನ ತಾಮ್ರ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಎರೆಹುಳುವಿಗೆ, ಒಳ್ಳೆಯ ಅಣಬೆಗಳಿಗೆ ಅದು ವಿಷ. ಅಳತೆ ಮೀರಿ ಕಲಸುವುದು, ಉಳಿದದ್ದನ್ನು ಬುಡಕ್ಕೆ ಸುರಿಯುವುದು ಬೇಡ. ಹಾಗೆಯೇ ದನಕ್ಕೆ ಕೊಡುವ ಹುಳದ ಔಷಧಿಗಳಲ್ಲಿ ಐವರ್‌ಮೆಕ್ಟಿನ್ ಎಂಬುದು ಸಗಣಿಯಲ್ಲಿ ಉಳಿದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಡಾಕ್ಟರ ಮಾತಿಲ್ಲದೆ ಕೊಡಬೇಡಿ. ಸಗಣಿ ಹುಳುವಿನ ಬೆಲೆ ತಿಳಿಯಬೇಕಾದರೆ ಆಸ್ಟ್ರೇಲಿಯಾದವರನ್ನು ಕೇಳಬೇಕು. ಅಲ್ಲಿನ ಹುಳುಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತು, ದನದ ಸಗಣಿ ಗೊತ್ತಿರಲಿಲ್ಲ. ಸಗಣಿ ಮಣ್ಣು ಸೇರದೆ ಹುಲ್ಲುಗಾವಲಿನಲ್ಲಿ ಹಾಗೇ ಬಿದ್ದು ನೊಣಗಳ ಕಾಟ ವಿಪರೀತವಾಯಿತು. 1960ರ ದಶಕದಿಂದ ಬೇರೆ ದೇಶಗಳ ಸಗಣಿ ಹುಳುಗಳನ್ನು ತರಿಸಿ ಬಿಡಬೇಕಾಯಿತು. ನಮ್ಮಲ್ಲಿ ಅವು ಕರೆಯದೇ ಬರುತ್ತವೆ. ಬೆಳಗ್ಗೆ ಹಾಕಿದ ಸಗಣಿ ಸಂಜೆಗೆ ತೂತು ತೂತಾಗಿರುತ್ತದೆ.

ಎರೆಹುಳುವಿನ ವಿಷಯ ಎಲ್ಲರಿಗೂ ಗೊತ್ತು, ಹೆಚ್ಚು ಹೇಳುವುದಿಲ್ಲ. ಇಂಗ್ಲೆಂಡಿನ ಹಲವು ಕಡೆ 1 ಎಕರೆಯಲ್ಲಿ ವರ್ಷಕ್ಕೆ 10 ಟನ್‌ಗೂ ಜಾಸ್ತಿ ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು ಡಾರ್ವಿನ್ 1881ರಲ್ಲೇ ಲೆಕ್ಕ ಕೊಟ್ಟಿದ್ದರು. ಲೋಕಕ್ಕೆಲ್ಲ ಹೆಸರಾದ ಮೇಲೂ, ಮುಪ್ಪಿನಲ್ಲಿ, ಆ ಮನುಷ್ಯ ಹುಳುವಿನ ಮುಂದೆ ಕೂತಿದ್ದರು ಎನ್ನುವುದು ನನಗೆ ಬಹಳ ಇಷ್ಟ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಮುಂದೆ ಇಂಥ ಫೋಟೊ ಬಂದಾಗ ತರಗೆಲೆಯನ್ನು ಕಸ ಎಂದು ಬರೆಯಬೇಡಿ. ಎಲೆ ಸುಡುವುದನ್ನು ಒಳ್ಳೆಯ ಕೆಲಸದ ಹಾಗೆ ತೋರಿಸಬೇಡಿ. ಮಕ್ಕಳು ಪೇಪರಿನಲ್ಲಿ ಬಂದದ್ದನ್ನು ಸರಿ ಎಂದೇ ತಿಳಿಯುತ್ತಾರೆ. ಬದಲಿಗೆ ಗುಂಡಿ ಮಾಡಿದ ಶಾಲೆ ಎಲ್ಲಾದರೂ ಇದ್ದರೆ ಅದರ ಫೋಟೊ ಹಾಕಿ.

ಗುಂಡಿ ಮಾಡಲು ಮನಸ್ಸಿರುವ ಶಾಲೆಯವರಿಗೆ ಹೇಳುತ್ತೇನೆ. ಮೂರು ಅಡಿ ಆಳ ಸಾಕು. ನೀರು ನಿಲ್ಲದ, ಸ್ವಲ್ಪ ಎತ್ತರದ ಜಾಗ ನೋಡಿ. ಒಂದು ಮೊಳ ಎಲೆ, ಮೇಲೆ ಎರಡು ಬುಟ್ಟಿ ಸಗಣಿಯನ್ನು ನೀರಲ್ಲಿ ಕಲಸಿ ಚೆಲ್ಲಿ, ಮೇಲೆ ಒಂದು ತೆಳು ಪದರ ಮಣ್ಣು. ಮತ್ತೆ ಎಲೆ. ಹೀಗೆ ತುಂಬುತ್ತಾ ಬನ್ನಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ಹಸಿ ಇರಬೇಕು. ಬಿಸಿಯೂಟದ ತರಕಾರಿ ಸಿಪ್ಪೆಯೂ ಅದಕ್ಕೇ ಹೋಗಲಿ. ಜೋರು ಮಳೆಗೆ ಮೇಲೆ ಅಡಿಕೆ ಸೋಗೆಯದ್ದೋ ತೆಂಗಿನ ಗರಿಯದ್ದೋ ಒಂದು ಮರೆ. ನಮ್ಮ ಶಾಲೆಯ ಗುಂಡಿಯನ್ನು ನಾನು ನಿವೃತ್ತಳಾದ ಮೇಲೂ ಮಕ್ಕಳು ನಡೆಸುತ್ತಿದ್ದಾರೆ. ಹೋದ ವರ್ಷ 22 ಬುಟ್ಟಿ ಗೊಬ್ಬರ ಬಂತು. ಬಸಳೆ ಚಪ್ಪರಕ್ಕೂ, ಆ ಮಾವಿನ ಮರದ ಬುಡಕ್ಕೂ ಹಾಕಿದರು.

ಈಗ ಮಾರ್ಚ್. ಎಲೆ ಇನ್ನೂ ಬೀಳುತ್ತಿದೆ. ಮೇ ಕೊನೆಯೊಳಗೆ ಗುಂಡಿ ತುಂಬಿದರೆ ಮಳೆಗಾಲ ಉಳಿದ ಕೆಲಸ ಮಾಡಿಕೊಡುತ್ತದೆ. ಸುತ್ತಮುತ್ತಲಿನ ಯಾವ ಶಾಲೆಯವರು ಕರೆದರೂ ನಾನು ಬಂದು, ಮಕ್ಕಳ ಜೊತೆ ಮೊದಲ ಪದರ ಹಾಕಿಕೊಟ್ಟು ಹೋಗುತ್ತೇನೆ. ಸಗಣಿ ನಮ್ಮ ಕೊಟ್ಟಿಗೆಯಿಂದ ತರುತ್ತೇನೆ.

ಇಂತಿ ತಮ್ಮ ಓದುಗಳು,
ನಿವೃತ್ತ ವಿಜ್ಞಾನ ಶಿಕ್ಷಕಿ,
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ